ಬಡಾವಣೆ ಮಾಡಿದವರ ನೆನಪಿಗೆ ಪಾರ್ಕಿನಲ್ಲಿ ಪುತ್ಥಳಿ ಇಡೋದಾ, ದಾನಿಗಳು ಅಂತ ಕಲ್ಲು ನೆಡೋದಾ?

ಎರಡೂ ಬೇಡ್ರಿ. ನಿಮ್ಮ ದಾವಣಗೆರೆ ಬಡಾವಣೆಯ ಸಂಘ ಈಗ ನಿಂತಿರೋ ಜಾಗದಲ್ಲೇ ನಮ್ಮ ಸಂಘವೂ ನಿಂತಿತ್ತು. ಲೇಔಟ್ ಮಾಡಿದ ಹಿರಿಯರು ತೀರಿಕೊಂಡಿದ್ರು, ಅವರ ಮೇಲೆ ಎಲ್ಲರಿಗೂ ಅಭಿಮಾನ ಇತ್ತು. ಕಲ್ಲು ನೆಟ್ವಿ. ಹನ್ನೊಂದು ತಿಂಗಳಿಗೆ ನಾವೇ ಕಿತ್ತು ತೆಗೆದ್ವಿ.

ಕಲ್ಲಿನ ಮೇಲೆ ಕೆತ್ತಿಸಿದ್ದು: "ಈ ಉದ್ಯಾನದ ಜಾಗವನ್ನು ದಾನವಾಗಿ ನೀಡಿದ ಮಹನೀಯರು." ತಪ್ಪು ಇದ್ದದ್ದು "ದಾನ" ಅನ್ನೋ ಪದದಲ್ಲಿ. ಖಾಸಗಿ ಲೇಔಟಿಗೆ ಮಂಜೂರಾತಿ ಬೇಕಂದ್ರೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಮೀಸಲಿಡೋ ಸಿಎ ಸೈಟು ಇಷ್ಟನ್ನೂ ಪುಕ್ಕಟೆ ಬಿಟ್ಟುಕೊಡಲೇಬೇಕು. ಅದಕ್ಕೆ ರೆಲಿಂಕ್ವಿಶ್‌ಮೆಂಟ್ ಡೀಡ್ (ಹಕ್ಕು ಬಿಟ್ಟ ಪತ್ರ) ಬರೆಸ್ತಾರೆ. ಅದು ದಾನಪತ್ರ ಅಲ್ಲ, ಷರತ್ತಿನ ಪಾಲನೆ. ಲೆಕ್ಕ ಹಾಕಿ ನೋಡಿ: ಎಕರೆಗೆ 43,560 ಚದರ ಅಡಿ. ರಸ್ತೆ, ಪಾರ್ಕು, ಸಿಎಗೆ ಶೇ 45 ಹೋಯ್ತು ಅಂತಿಟ್ಟುಕೊಂಡ್ರೆ ಉಳಿಯೋದು 23,958, ಅಂದ್ರೆ 30×40ರ 19 ಸೈಟು. ಎಕರೆಪೂರ್ತಿ ಬೆಲೆ ಆ 19 ಸೈಟಿನಲ್ಲೇ ಹುಟ್ಟಬೇಕು. ಪಾರ್ಕಿನ ದುಡ್ಡು ಕೊಟ್ಟವರು ಸೈಟು ಕೊಂಡವರು. ನೆಲ ಬಿಟ್ಟವರು ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೀತಿದ್ದ ಮನೆತನ. ಆ ಮನೆಯ ಹಿರಿಯರೊಬ್ಬರು ಕಲ್ಲಿನ ಮುಂದೆ ನಿಂತು, "ನಮ್ಮಪ್ಪನ ಹೊಲಾನ ಯಾರು ಯಾರಿಗೆ ದಾನ ಕೊಟ್ರು?" ಅಂತ ಕೇಳಿದ್ರು. ಸಂಘದಲ್ಲಿ ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಈ ಊರಲ್ಲಿ ದಾನ ಅನ್ನೋ ಮಾತಿಗೆ ತೂಕ ಇದೆ. ಚಿಗಟೇರಿ ಆಸ್ಪತ್ರೆ, ರಾಜನಹಳ್ಳಿಯವರ ಛತ್ರ ಅಂತ ಜನ ಇವತ್ತಿಗೂ ಮನೆತನದ ಹೆಸರು ಹಿಡಿದೇ ಕರೀತಾರೆ. ಕಾನೂನಿಗೆ ಬಿಟ್ಟ ಜಾಗಕ್ಕೂ ಅದೇ ಪದ ಹಚ್ಚಿದ್ರೆ ಎರಡಕ್ಕೂ ಅನ್ಯಾಯ.

ಅದಕ್ಕಿಂತ ನೋವಿನ ವಿಷಯ, ಲೇಔಟ್ ಮಾಡಿದ ಹಿರಿಯರು ನಿಜವಾಗಿ ಬಿಟ್ಟುಕೊಟ್ಟದ್ದು ಕಲ್ಲಿನ ಮೇಲೆ ಇರಲೇ ಇಲ್ಲ. ಮಂಜೂರಾತಿ ಪತ್ರ ಕೈಗೆ ಬಂದಾಗ ಗೊತ್ತಾಯ್ತು: ನಡುವಿನ ರಸ್ತೆಗೆ ಕೇಳಿದ್ದು 30 ಅಡಿ, ಅವರು ಬಿಟ್ಟದ್ದು 40. ಆ ರಸ್ತೆ 600 ಅಡಿ ಉದ್ದ. 6,000 ಚದರ ಅಡಿ, ಐದು ಸೈಟು, ಯಾರೂ ಕೇಳದೇ ಬಿಟ್ಟದ್ದು. ಮನೆ ಮುಂದೆ ಮದುವೆ ಶಾಮಿಯಾನ ಹಾಕಿದ್ರೂ ಪಕ್ಕದಲ್ಲಿ ಆಂಬುಲೆನ್ಸ್ ದಾಟುತ್ತಲ್ಲ, ಅದು ಅವರ ಕೊಡುಗೆ. ನೆನಪಿಡಬೇಕಾದ್ದು ಷರತ್ತಿಗೂ ನಕ್ಷೆಗೂ ನಡುವಿನ ಈ ಹತ್ತು ಅಡಿ.

ಅದಕ್ಕೇ ಮೊದಲು ಕಾಗದ ಹುಡುಕಿ. ನಿಮ್ಮ ಕ್ರಯಪತ್ರದ ಷೆಡ್ಯೂಲಿನಲ್ಲಿ ಸರ್ವೆ ನಂಬರ್ ಇರುತ್ತೆ. ಅದನ್ನು ಹಿಡಿದು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ (ಹೆಸರು ಬದಲಾದ ದಾಖಲೆ) ತೆಗೆಸಿ. ಹೊಲದ ಮನೆತನದ ಹೆಸರು ಸಿಗೋದು ಅಲ್ಲೇ. ಆಮೇಲೆ ಅಲಿನೇಷನ್ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಾಯಿಸಿದ್ದು), 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನದ್ದು. ನಾವು ಮೂರು ತಿಂಗಳು ದಾವಣಗೆರೆಯಲ್ಲೇ ಸುತ್ತಿದ್ವಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ, ಅಲ್ಲೀವರೆಗೆ ನಾವು ಚಿತ್ರದುರ್ಗ ಜಿಲ್ಲೆ. ನಿಮ್ಮ ಲೇಔಟ್ ಅದಕ್ಕೂ ಹಳೇದಾದ್ರೆ ಚಿತ್ರದುರ್ಗದ ಡಿಸಿ ಆಫೀಸಿನಲ್ಲೂ ಕೇಳಿ. ಹಾಗೇ ಪಾಲಿಕೆ ಆದದ್ದು 2007ರಲ್ಲಿ, ಹಳೇ ಕಡತದ ಮೇಲೆ "ನಗರಸಭೆ" ಅಂತಲೇ ಇರುತ್ತೆ.

ಆಸ್ತಿಯ ನೋಂದಾಯಿತ ವಹಿವಾಟು ತೋರಿಸೋ ಇಸಿ ಆನ್‌ಲೈನಿನಲ್ಲಿ 2004ರಿಂದ ಈಚೆಗಿನದು ಸಿಗುತ್ತೆ. ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಕೊಡಬೇಕು. ವಹಿವಾಟು ಇದ್ರೆ ನಮೂನೆ 15, ಇಲ್ಲದಿದ್ರೆ 16. ನಮೂನೆ 16 ಬಂತು ಅಂತ ಕೈಬಿಡಬೇಡಿ. ಹಿಸ್ಸಾ (ಸರ್ವೆ ನಂಬರಿನ ಉಪಭಾಗದ) ನಂಬರ್ ತಪ್ಪು ಬರೆದಿದ್ರೂ ಅದೇ ಬರುತ್ತೆ.

ಲೇಔಟ್ ನಕ್ಷೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ), ಪಾಲಿಕೆ, ನಗರ ಯೋಜನಾ ಕಚೇರಿ ಮೂರೂ ಕಡೆ ಆರ್‌ಟಿಐ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್, 150 ಪದದೊಳಗೆ, ಒಂದೇ ವಿಷಯ. "ಲೇಔಟಿನ ಎಲ್ಲ ಮಾಹಿತಿ" ಅಂತ ಬರೆದ್ರೆ ಅಸ್ಪಷ್ಟ ಅಂತ ಹಿಂಬರಹ ಬರುತ್ತೆ. "ಸರ್ವೆ ನಂಬರ್ ಇಂಥದ್ದರ ಮಂಜೂರಾದ ವಿನ್ಯಾಸ ನಕ್ಷೆ, ಮಂಜೂರಾತಿ ಆದೇಶ ಮತ್ತು ಷರತ್ತುಗಳ ದೃಢೀಕೃತ ಪ್ರತಿ" ಅಂತ ಬರೀರಿ.

ಆಮೇಲೆ 30 ಮೀಟರ್ ಟೇಪು. ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೀರಿ, ಡಾಂಬರು ಅಂಚಿನಿಂದ ಬೇಡ. ಒಂದು ರಸ್ತೆಗೆ ಮೂರು ಕಡೆ ಅಳತೆ, ಯಾಕಂದ್ರೆ ಎಲ್ಲೋ ಒಂದು ಕಡೆ ಕಾಂಪೌಂಡು ಮುಂದಕ್ಕೆ ಬಂದಿರುತ್ತೆ. ಷರತ್ತು, ನಕ್ಷೆ, ಟೇಪು ಮೂರನ್ನೂ ಅಕ್ಕಪಕ್ಕ ಬರೆದಿಡಿ.

ಪುತ್ಥಳಿ ಬೇಡ ಅಂದದ್ದಕ್ಕೆ ಕಾರಣ: ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪುತ್ಥಳಿಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶ ಮಾಡಿದೆ. ಪಾರ್ಕಿಗೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆಯೂ ಇದೆ. ಪಾರ್ಕು ಈಗ ನಿಮ್ಮ ಸಂಘದ್ದಲ್ಲ, ಲೇಔಟ್ ಮಾಡಿದವರ ಮಕ್ಕಳದ್ದೂ ಅಲ್ಲ.

ಪಾರ್ಕಿನ ಬದಲು, "ದಾನ" ಅನ್ನೋ ಪದ ಇಲ್ಲದ ನೆನಪಿನ ಚಪ್ಪಡಿಯೊಂದನ್ನು ಸಂಘದ ಕಟ್ಟಡದ ಗೋಡೆಗೋ, ರಸ್ತೆ ಬಾಯಲ್ಲಿರೋ ಯಾರಾದ್ರೂ ಒಪ್ಪಿ ಬರೆದುಕೊಟ್ಟ ಕಾಂಪೌಂಡಿನ ಒಳಗೋ ಹಾಕಿ. 3 ಅಡಿ ಎತ್ತರ, 2 ಅಡಿ ಅಗಲ, 2 ಇಂಚು ದಪ್ಪದ ಗ್ರಾನೈಟ್ ಸರಿಯಾಗಿ ಒಂದು ಘನ ಅಡಿ, ತೂಕ 75 ಕಿಲೋ ಆಸುಪಾಸು. ನೆಲದಲ್ಲಿ ನಿಲ್ಲಿಸೋದಾದ್ರೆ ಎರೆಮಣ್ಣು ದಾಟಿ ಗರಸು ಸಿಗೋವರೆಗೆ ತೋಡಿಸಿ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ನಮ್ಮ ಮೊದಲ ಕಲ್ಲು ಒಂದೇ ಮಳೆಗಾಲಕ್ಕೆ ವಾಲಿತ್ತು. ಅಕ್ಷರ ಒಂದೂವರೆ ಇಂಚಿಗಿಂತ ಸಣ್ಣದು ಬೇಡ, ಒತ್ತಕ್ಷರ ಧೂಳು ತುಂಬಿ ಮುಚ್ಚಿಹೋಗುತ್ತೆ.

ನಮ್ಮ ಎರಡನೇ ಕಲ್ಲಿನಲ್ಲಿ ಐದೇ ಸಾಲು: ಸರ್ವೆ ನಂಬರ್, ಹೊಲದ ಮನೆತನ, ಲೇಔಟ್ ಮಾಡಿದವರ ಹೆಸರು, ಮಂಜೂರಾದ ವರ್ಷ, ಕೊನೆಗೆ "30 ಅಡಿ ಸಾಕಾಗಿದ್ದ ಈ ರಸ್ತೆಗೆ 40 ಅಡಿ ಬಿಟ್ಟರು." ಕೆತ್ತೋರು ಸ್ಟಿಕರ್ ಅಂಟಿಸಿದ ಮೇಲೆ, ಅಕ್ಷರ ಕೊರೆಯೋಕೆ ಮರಳು ಹೊಡೆಯೋದಕ್ಕೆ ಮುಂಚೆ, ಮಂಜೂರಾತಿ ಆದೇಶ ಕೈಯಲ್ಲಿ ಹಿಡಿದು ಹೋಗಿ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ.