ದುಬಾರಿ ಡಿಜಿಟಲ್ ಕೇಬಲ್ ಹಾಕಿದರೆ ಬೇಸ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಕೇಬಲ್‌ನಲ್ಲಿ ಡ್ಯಾಕ್‌ಗೆ (ಅಂಕಿಗಳನ್ನು ದನಿಯ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರ್‌ಗೆ ಹಾಡು ಕಳಿಸಿ ಕೇಳುತ್ತೇನೆ. ದುಬಾರಿ ಕೇಬಲ್ ಹಾಕಿದರೆ ಬೇಸ್ ತುಂಬಿ ಬರುತ್ತದೆ, ಒಳ್ಳೆಯ ಸಿಡಿ ಟ್ರಾನ್ಸ್‌ಪೋರ್ಟ್ (ಸಿಡಿ ಓದಿ ಅಂಕಿಗಳನ್ನಷ್ಟೇ ಹೊರಗೆ ಕಳಿಸುವ ಯಂತ್ರ) ತಂದರೆ ಇನ್ನೂ ತಿಳಿಯಾಗಿ ಕೇಳುತ್ತದೆ ಅಂತಾನೆ ಗೆಳೆಯ. ನಿಜವೇ? ಅಂದಹಾಗೆ, ಹಾಡು ನಿಂತಾಗ ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ.

ಉತ್ತರ: ಬೇಸ್ ತುಂಬಿ ಬರುವುದಿಲ್ಲ. ಆ ಕೇಬಲ್‌ನಲ್ಲಿ ಹರಿಯುವುದು ಬರೀ ಅಂಕಿಗಳು. ಸಿಡಿ ಗುಣಮಟ್ಟದ ಹಾಡಾದರೆ ಒಂದೊಂದು ಚಾನೆಲ್‌ಗೂ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಬೇಸ್ ಏರಿಸಬೇಕಾದರೆ ಇಷ್ಟನ್ನೂ ಲೆಕ್ಕ ಹಾಕಿ ತಿದ್ದಬೇಕು. ತಂತಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಕೇಬಲ್ ಕೆಟ್ಟರೆ ಟಪ್ ಟಪ್ ಅನ್ನುತ್ತದೆ, ಹಾಡು ನಡುನಡುವೆ ಕಡಿಯುತ್ತದೆ, ಇಲ್ಲವೇ ದನಿಯೇ ಬರುವುದಿಲ್ಲ.

ಟ್ರಾನ್ಸ್‌ಪೋರ್ಟ್ ವಿಷಯದಲ್ಲಿ ಗೆಳೆಯನ ಮಾತು ಪೂರ್ತಿ ಸುಳ್ಳಲ್ಲ. ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಕೇಬಲ್ ಹಾಕಿದಾಗ ಅಂಕಿಗಳ ಜೊತೆ ತಾಳವೂ, ಅಂದರೆ ಯಾವ ಅಂಕಿ ಯಾವ ಕ್ಷಣಕ್ಕೆ ಅನ್ನುವ ಲೆಕ್ಕವೂ, ಟ್ರಾನ್ಸ್‌ಪೋರ್ಟ್‌ನಿಂದಲೇ ಬರುತ್ತದೆ. ಆ ತಾಳ ಸ್ವಲ್ಪ ಅಲುಗಿದರೆ ಅದೇ ಜಿಟರ್. ಹಳೆಯ ಕೆಲವು ಡ್ಯಾಕ್‌ಗಳಲ್ಲಿ ಇದು ದನಿಗೆ ತಟ್ಟುತ್ತಿತ್ತು. ಈಗಿನ ಒಳ್ಳೆಯ ಡ್ಯಾಕ್‌ಗಳು ಅದನ್ನು ಒಳಗೇ ಸರಿಮಾಡಿಕೊಳ್ಳುತ್ತವೆ. ನಿಮ್ಮದು ಯುಎಸ್‌ಬಿ. ಅಸಿಂಕ್ರನಸ್ ಡ್ಯಾಕ್ ಆಗಿದ್ದರೆ ತಾಳ ಹಾಕುವುದು ಡ್ಯಾಕ್, ಲ್ಯಾಪ್‌ಟಾಪ್ ಅದು ಕೇಳಿದಷ್ಟು ಬಡಿಸುತ್ತದೆ, ಅಷ್ಟೇ. ಗೀರು ಬಿದ್ದ ಸಿಡಿಗಳೇ ಜಾಸ್ತಿ ಇದ್ದರೆ ಮಾತು ಬೇರೆ. ಕೆಲವು ಟ್ರಾನ್ಸ್‌ಪೋರ್ಟ್ ಅಂಥದ್ದನ್ನೂ ಓದುತ್ತವೆ, ಕೆಲವು ತಡವರಿಸುತ್ತವೆ.

ನನಗೆ ಕುತೂಹಲ ಇರುವುದು ನೀವು ಕೊನೆಗೆ ಸೇರಿಸಿದ ಆ ಗುಂಯ್ ಬಗ್ಗೆ. ಯುಎಸ್‌ಬಿ ಕೇಬಲ್‌ನಲ್ಲಿ ಅಂಕಿ ಸಾಗಿಸುವ ತಂತಿಗಳ ಪಕ್ಕದಲ್ಲೇ ಕರೆಂಟಿನ ತಂತಿ, ಗ್ರೌಂಡ್ ತಂತಿ ಎರಡೂ ಇರುತ್ತವೆ. ಲ್ಯಾಪ್‌ಟಾಪ್ ಚಾರ್ಜರ್‌ನ ವಿದ್ಯುತ್ ಗಲಾಟೆ ಆ ದಾರಿ ಹಿಡಿದು ಆಂಪ್ಲಿಫೈಯರ್‌ವರೆಗೂ ಹೋಗಬಹುದು. ಅಂಕಿ ಒಂದೂ ಕೆಡದಿದ್ದರೂ ಗುಂಯ್ ಕೇಳುವುದು ಹೀಗೆ. ಹಾಡು ನಿಲ್ಲಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಬಿಟ್ಟು ಸ್ಪೀಕರ್‌ಗೆ ಕಿವಿ ಕೊಡಿ. ಸದ್ದು ನಿಂತಿತಾ? ಹಾಗಾದರೆ ಕಳ್ಳ ಸಿಕ್ಕ. ಲ್ಯಾಪ್‌ಟಾಪ್ ಮತ್ತು ಡ್ಯಾಕ್ ಎರಡರಲ್ಲೂ ಆಪ್ಟಿಕಲ್ ಕಿಂಡಿ ಇದ್ದರೆ ಆ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟಿಗೆ ದಾರಿಯೇ ಇಲ್ಲ. ಇಲ್ಲದಿದ್ದರೆ ನಡುವೆ ಒಂದು ಯುಎಸ್‌ಬಿ ಐಸೊಲೇಟರ್ (ಅಂಕಿಗಳನ್ನು ದಾಟಿಸಿ ಕರೆಂಟಿನ ಕೊಂಡಿ ಕಡಿಯುವ ಸಾಧನ) ಸಾಕು. ಆದರೆ ಗುಂಯ್ ಹೋಗಲಿ ಅಂತ ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ಕೀಳಬೇಡಿ. ಶಾಕ್ ಹೊಡೆಯದಂತೆ ಕಾಯುವುದೇ ಅದು.