ಬೆಂಗಳೂರಿನ ಕೆಲಸ ಬಿಟ್ಟು ಕೊಡಗಿಗೆ ವಾಪಸ್ ಬಂದ್ರೆ ಅದು ಸೋಲಾ?

ಸೋಲು ಅಂತ ಅಂದಿದ್ದು ಯಾರು, ಅದನ್ನ ಮೊದ್ಲು ನೋಡಿ. ನಾನು ವಾಪಸ್ ಬಂದಾಗ ಮದ್ವೆ ಮನೇಲಿ ನಮ್ ಮಾವ ಒಬ್ರು ಎಲ್ರ ಮುಂದೆ "ಏನ್ ಮಗಾ, ಕಂಪ್ನಿಯವ್ರು ಓಡಿಸಿದ್ರಾ" ಅಂದ್ರು, ಪಂದಿಕರಿ ತಟ್ಟೆ ಹಿಡ್ಕೊಂಡೇ ನಕ್ಕೆ, ಒಳಗೆ ಉರೀತಿತ್ತು.

ಆಮೇಲೆ ಸೋಲು-ಗೆಲುವು ಅಂದ್ರೇನು ಅಂತ ತೋಟ ಕಲಿಸ್ತು. ರೋಬಸ್ಟಾ ಕಾಫಿಗೆ ಫೆಬ್ರವರಿ-ಮಾರ್ಚಲ್ಲಿ ಹೂಮಳೆ ಸರಿಯಾಗಿ ಬೀಳ್ಬೇಕು, ಸುಮ್ನೆ ನಾಲ್ಕು ಹನಿ ಉದುರಿ ನಿಂತ್ರೆ ಮೊಗ್ಗು ಅರಳದೆ ಕೆಡುತ್ತೆ, ಹೂವಾದ್ಮೇಲೆ ಎರಡ್ಮೂರು ವಾರದಲ್ಲಿ ಇನ್ನೊಂದು ಮಳೆ, ಬ್ಯಾಕಿಂಗ್ ಅಂತೀವಿ, ಅದು ಕೈಕೊಟ್ರೆ ಕಾಯಿ ಸರಿಯಾಗಿ ನಿಲ್ಲಲ್ಲ. ಕೆರೇಲಿ ನೀರಿದ್ದೋನು ಸ್ಪ್ರಿಂಕ್ಲರ್ ಹಾಕ್ಕೊಂಡು ಗೆದ್ದ, ಇಲ್ದೋನು ಸೋತ, ಊರವ್ರು ಮಾತ್ರ ಒಬ್ಬನ್ನ ಜಾಣ ಇನ್ನೊಬ್ಬನ್ನ ಸೋಂಬೇರಿ ಅಂತಾರೆ! 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿ ತೋಟನೇ ಕಳ್ಕೊಂಡೋರ್ನ ಏನಂತೀರಾ?

ವಯಸ್ಸಿನ ಲೆಕ್ಕನೂ ಅಷ್ಟೇ. ನಮ್ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43, ಅಲ್ಲೀವರ್ಗೂ ಪುರುಷರ ಡಬಲ್ಸಲ್ಲಿ ಒಂದೂ ಗ್ರ್ಯಾಂಡ್ ಸ್ಲಾಮ್ ಇರ್ಲಿಲ್ಲ.

ಬರೋದಾದ್ರೆ ಬನ್ನಿ, ಆದ್ರೆ ಎರಡು ವರ್ಷದ ಖರ್ಚಿಗೆ ದುಡ್ಡು ಕೈಲಿಟ್ಕೊಂಡು ಬನ್ನಿ. ಕಾಳುಮೆಣಸು ಸಾಕುತ್ತೆ ಅಂತ ನಂಬ್ಕೊಂಡು ಬಂದಿದ್ದು ನಾನು ಮಾಡಿದ ತಪ್ಪು.