108 ಕೆಜಿ ಅದೀನಿ, ಶುಗರ್ ಬಿಪಿ ಇಲ್ಲ: ಫ್ಲೂ ಬರೂದರೊಳಗ ತೂಕ ಇಳಿಸಬೇಕಾ, ವ್ಯಾಕ್ಸೀನ್ ಸಾಕಾ?

34 ವರ್ಷ, ಐದು ಅಡಿ ಎಂಟು ಇಂಚು, 108 ಕೆಜಿ, ಮಳಿಗಾಲದ ಫ್ಲೂ ಶುರು ಆಗೂದರೊಳಗ ಎರಡು ತಿಂಗಳದಾಗ 15 ಕೆಜಿ ಇಳಿಸಬೇಕೋ, ಇಲ್ಲಾ ವ್ಯಾಕ್ಸೀನ್ ಹಾಕಿಸ್ಕೊಂಡ್ರ ಸಾಕೋ ಅಂತ ಕೇಳೀರಿ. ನಡುವ "ಉಳದಂಗ ಪೂರ್ತಿ ಆರೋಗ್ಯವಂತ ಅದೀನಿ" ಅಂತ ಒಂದು ಮಾತು ಬರದೀರಲ್ಲ, ಅದನ್ನ ಓದಿ ನನಗ ಸುಮ್ನ ಕೂಡಾಕ ಆಗ್ಲಿಲ್ರಿ. 2021ರ ಮೇ ತಿಂಗಳದಾಗ ನಾನೂ ಇದೇ ಮಾತು ಹೇಳಿದ್ನಿ.

ಆವಾಗ ನನಗ 36, ತೂಕ 112. ಹುಬ್ಬಳ್ಳಿ ವಿದ್ಯಾನಗರದಾಗ ಮನಿ, ಮುಂಜಾನೆ ಎದ್ದು ಉಣಕಲ್ ಕೆರಿ ಸುತ್ತ ಒಂದು ವಾಕಿಂಗ್, ವರ್ಷಕ್ಕೊಮ್ಮೆ ರಕ್ತ ತಪಾಸಣಿ, ಎಲ್ಲಾ ನಾರ್ಮಲ್. ಮನಿಯಾಗ ಅಪ್ಪಗ ಶುಗರ್ ಐತಿ, ಅವರು ಸಣಕಲು. ನಮ್ಮವ್ವಂದು ಒಂದೇ ಮಾತು, ಅವರದ್ದು ನೋಡಿದ್ರ ಭಯ ಆಗತೈತಿ, ನೀ ಮೈಕೈ ತುಂಬ್ಕೊಂಡಾವ, ನಿನಗೇನಾಗತೈತಿ ಅಂತ. ಕೊರೊನಾದ ಎರಡನೇ ಅಲಿಯೊಳಗ ಅಪ್ಪಗೂ ನನಗೂ ಕೂಡೇ ಪಾಸಿಟಿವ್ ಬಂತು. ಹೋಂ ಐಸೋಲೇಷನ್ ಲಿಸ್ಟಿಗೆ ಹಾಕಾಕ ಒಬ್ಬಾಕಿ ಹುಡಿಗಿ ಫೋನ್ ಮಾಡಿದ್ಲು, ಪಾಪ ಎಷ್ಟು ಮಂದಿಗೆ ಮಾಡಿದ್ಲೋ ಏನೋ, ಗಂಟಲು ಬಿದ್ದಿತ್ತು. ಶುಗರ್ ಐತೇನ್ರಿ, ಬಿಪಿ ಐತೇನ್ರಿ, ಹಾರ್ಟ್, ಕಿಡ್ನಿ, ಅಸ್ತಮಾ, ಬ್ಯಾರೆ ಏನರ ಜಡ್ಡು? ನಾ ಅಂದ್ನಿ, "ಏನೂ ಇಲ್ರೀ ಮೇಡಂ, ಗಟ್ಟಿಮುಟ್ಟ ಅದೀನಿ."

ನಾ ಮಾಡಿದ ತಪ್ಪು ಇದೊಂದೇ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಯಾಕಂದ್ರ ನಿಮ್ಮ ಪ್ರಶ್ನಿ ಒಳಗೂ ಅದೇ ಕುಂತೈತಿ. ನಾ ಸುಳ್ಳು ಹೇಳಿರಲಿಲ್ಲ. ತೂಕ ಅನ್ನೂದು ಜಡ್ಡು ಅಂತ ನನ್ನ ತಲ್ಯಾಗ ಇರಲೇ ಇಲ್ಲ. ಶುಗರ್ ಅಂದ್ರ ಜಡ್ಡು, ಅದಕ್ಕ ಗುಳಿಗಿ ಐತಿ, ರಿಪೋರ್ಟ್ ಐತಿ. ತೂಕಕ್ಕ ಏನೈತಿ? ಮದುವಿ ಮನ್ಯಾಗ ಮಂದಿ ಚಾಷ್ಟಿ ಮಾಡೂದು ಒಂದು ಬಿಟ್ರ ಏನೂ ಇಲ್ಲ. ಅದಕ್ಕ ನನ್ನ ಹೆಸರಿನ ಮುಂದ ಬ್ಯಾರೆ ಜಡ್ಡು ಇಲ್ಲ ಅಂತ ಬಿತ್ತು, ಮತ್ತ ಆ "ಇಲ್ಲ" ಅನ್ನೂದು ಅಲ್ಲಿಂದ ಎಲ್ಲಾ ಕಡೆ ಹೋತು. ಫೋನಿನ್ಯಾಗ ಮಾತಾಡಿದ ಡಾಕ್ಟರ್ ಅದನ್ನ ನೋಡಿ ನನಗ ಪ್ಯಾರಾಸಿಟಮಾಲ್ ಹೇಳಿ ಮುಗಿಸಿದ್ರು, ಅವರಿಗೆ ನಾ ಕಾಣತಿರಲಿಲ್ಲಲ್ಲ. ಅಪ್ಪಗ ಮುಂಜಾನೆ ಸಂಜಿಕೆ ಫೋನ್ ಬರ್ತಿತ್ತು, ಅವ್ವ ತಾಸಿಗೊಮ್ಮೆ ಹೋಗಿ ಅವರ ಬೆರಳಿಗೆ ಆಕ್ಸಿಮೀಟರ್ ಹಚ್ಚಿ ನೋಡತಿದ್ಲು, ನನ್ನ ಖೋಲಿ ಕಡೆ ಯಾರೂ ಹಂಗ ನೋಡಲಿಲ್ಲ, ನಾನೂ ನೋಡ್ಕೊಳ್ಳಲಿಲ್ಲ. ಕುಂತಾಗ ಒಮ್ಮೆ ಹಚ್ಚಿದ್ರ 95, 96 ಬರ್ತಿತ್ತು, ಸಾಕು ಅಂತ ಬಿಡತಿದ್ನಿ.

ಇನ್ನೊಂದು ಏನಂದ್ರ, ಬಚ್ಚಲಕ್ಕ ಹೋಗಿ ಬಂದ್ರ ದಮ್ ಹತ್ತತಿತ್ತು. ಒಂದು ನಮೂನಿ ತೇಕು. ಅದಕ್ಕ ನಾನ ಕಾರಣಾ ಕೊಟ್ಕೊಂಡ್ನಿ, 112 ಕೆಜಿ ಇದ್ದಾವಂಗ ಜ್ವರದಾಗ ದಮ್ ಹತ್ತದ ಇರ್ತೈತೇನು, ರೂಢಿನ ಐತಿ ಅಂತ. ನೋಡ್ರಿ, ಅಪಾಯ ಐತೇನು ಅಂತ ಕೇಳಿದಾಗ ತೂಕ ಲೆಕ್ಕಕ್ಕ ಬರಲಿಲ್ಲ, ಅಪಾಯ ಬಂದು ಬಾಗಲಾ ಬಡದಾಗ ಅದನ್ನ ಮುಚ್ಚಾಕ ಮಾತ್ರ ತೂಕ ನೆಪ ಆತು. ನಿಮಗೂ ಹಂಗೇ ಆಗಬಹುದು, ದಪ್ಪ ಇದ್ದ ಭಾಳ ಮಂದಿಗೆ ಆಗತೈತಿ, ಉಸಿರಿನ ತ್ರಾಸು ಶುರು ಆದದ್ದು ನಮಗ ಲಗೂನ ಗೊತ್ತಾಗಂಗಿಲ್ಲ ಯಾಕಂದ್ರ ನಾವು ಮೊದಲಿಂದನೂ ಸ್ವಲ್ಪ ತೇಕ್ಕೊಂತನ ಇರ್ತೀವಿ.

ಒಂದು ರಾತ್ರಿ ನಮ್ಮನಿಯಾಕಿ ಮಾಸ್ಕ್ ಹಾಕ್ಕೊಂಡು ಗಂಜಿ ಇಡಾಕ ಬಂದಾಗ ನಾ ಒಂದು ವಾಕ್ಯ ಒಂದೇ ಉಸಿರಿನಾಗ ಮುಗಿಸಾಕ ಆಗವಲ್ದು ಅನ್ನೂದನ್ನ ಆಕಿ ಹಿಡದ್ಲು. ನಡೆಸಿ ನೋಡಿದ್ರ 86. ಆವಾಗಿನ ಬೆಡ್ಡಿನ ಪರದಾಟ ಹೇಳಂಗಿಲ್ಲ, ಎಲ್ಲಾರೂ ಕಂಡೀರಿ. ಕಡೀಕೆ ಒಂದು ಕಡೆ ಆಕ್ಸಿಜನ್ ಬೆಡ್ ಸಿಕ್ತು. ಅಲ್ಲಿ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನಿ, "ತೂಕ ಎಷ್ಟ್ರಿ?" ಅದೇ ತಿಂಗಳಿನ ಐಸಿಎಂಆರ್-ಏಮ್ಸ್ ಮಾರ್ಗಸೂಚಿ ಒಳಗ ಜಾಸ್ತಿ ಅಪಾಯ ಇದ್ದವರ ಪಟ್ಟಿಯಾಗ 60 ದಾಟಿದವರು, ಶುಗರ್, ಬಿಪಿ, ಕಿಡ್ನಿ ಎಲ್ಲಾದರ ಜೋಡಿ ಬೊಜ್ಜು ಅಂತನೂ ಬರದಿದ್ರು. ಅಂದ್ರ ಆ ಹುಡಿಗಿ ಕೇಳಿದ ಪ್ರಶ್ನಿಗೆ ಖರೇ ಉತ್ತರ "ಐತ್ರಿ" ಅಂತ ಆಗಬೇಕಿತ್ತು.

ಅಪ್ಪ ಮನ್ಯಾಗ ಆರಾಮ ಆದ್ರು. ಅವರಿಗೆ ವಯಸ್ಸಿನ ಮ್ಯಾಲೆ ಒಂದು ಡೋಸ್ ಆಗಿತ್ತು, ನನಗ ಆಗಿರಲಿಲ್ಲ, ಅದನ್ನೂ ಹೇಳಬೇಕು.

ದವಾಖಾನಿಯಾಗ ಡಬ್ಬ ಮಲಗ್ರಿ ಅಂದ್ರು, ಹೊಟ್ಟಿ ದೊಡ್ಡದಿದ್ದಾವಗ ಡಬ್ಬ ಮಲಗೂದು ಅಂದ್ರ ಶಿಕ್ಷಾನ. ಒಬ್ಬ ನರ್ಸ್ ಬಂದು ಎದಿ ಕೆಳಗ ಒಂದು ದಿಂಬು, ಸೊಂಟದ ಕೆಳಗ ಒಂದು ದಿಂಬು ಇಟ್ಟು ಹೊಟ್ಟಿ ನಡುವ ಜೋತು ಬೀಳೂ ಹಂಗ ಮಾಡಿದ್ರು, ಆವಾಗ ಆಕ್ಸಿಜನ್ ಏರ್ತು. ಯಾಕ ಅಂತ ಆಮ್ಯಾಲೆ ಡಾಕ್ಟರ್ ತಿಳಿಸಿ ಹೇಳಿದ್ರು. ಪುಪ್ಪುಸದ ಕೆಳಗ ವಪೆ ಅಂತ ಒಂದು ಪದರ ಐತಿ, ಅದು ಕೆಳಗ ಇಳಿದ್ರ ಗಾಳಿ ಒಳಗ ಬರ್ತೈತಿ. ಹೊಟ್ಟಿ ಬೊಜ್ಜು ಜಾಸ್ತಿ ಇದ್ರ, ಅದರಾಗೂ ಅಂಗಾತ ಮಲಗಿದ್ರ, ಒಂದು ತುಂಬಿದ ಜ್ವಾಳದ ಚೀಲಾ ಕೆಳಗಿಂದ ಅದನ್ನ ಒತ್ತಿ ಹಿಡದಂಗ. ಪುಪ್ಪುಸದ ತಳದ ಭಾಗ ಸರಿಯಾಗಿ ಬಿಚ್ಚಂಗಿಲ್ಲ, ಉಸಿರು ಬಿಟ್ಟ ಮ್ಯಾಲೆ ಒಳಗ ಉಳಿಯೂ ಗಾಳಿ ಕಮ್ಮಿ ಆಗತೈತಿ. ಆರಾಮ ಇದ್ದಾಗ ಇದು ಗೊತ್ತಾಗಂಗಿಲ್ಲ. ವೈರಸ್ ಬಂದು ಇನ್ನೊಂದಿಷ್ಟು ಭಾಗ ಕೆಡಿಸಿದಾಗ ಕೈಯಾಗ ಉಳಿಕಿ ಅನ್ನೂದೇ ಇರಂಗಿಲ್ಲ, ಆಕ್ಸಿಜನ್ ಭಡಕ್ಕನ ಇಳಿತೈತಿ.

ಮತ್ತ ಕೊಬ್ಬು ಅಂದ್ರ ಸುಮ್ನ ಬಿದ್ದಿರೂ ಸರಕಲ್ಲ. ಅದು ತಾನ ಐಎಲ್-6 ಅಂಥ ಉರಿಯೂತದ ರಾಸಾಯನಿಕ ಬಿಡ್ತಿರತೈತಿ, ದೇಹ ಯಾವಾಗ್ಲೂ ಸಣ್ಣ ಉರಿಯಾಗ ಇರ್ತೈತಿ. ವೈರಸ್ಸಿಗೆ ಮೊದಲ ಏಟು ಕೊಡೂ ಇಂಟರ್‌ಫೆರಾನ್ ತಡ ಆಗಿ ಬರ್ತೈತಿ, ಆಮ್ಯಾಲಿನ ಉರಿಯೂತ ಮಾತ್ರ ಅತಿ ಆಗತೈತಿ. ರಕ್ತ ಹೆಪ್ಪುಗಟ್ಟೂ ಅಪಾಯನೂ ಜಾಸ್ತಿ, ಅದಕ್ಕ ನನಗ ದಿನಾ ಹೊಟ್ಟಿಗೆ ಹೆಪಾರಿನ್ ಇಂಜೆಕ್ಷನ್ ಇತ್ತು.

ಇದು ಕೊರೊನಾದ್ದು, ಫ್ಲೂಗೆ ಏನ್ ಸಂಬಂಧ ಅಂತ ಕೇಳಬ್ಯಾಡ್ರಿ. ಬೊಜ್ಜಿನ ವಿಷಯ ಮೊದಲ ಎದ್ದು ಕಂಡದ್ದೇ ಫ್ಲೂ ಒಳಗ, 2009ರ ಎಚ್1ಎನ್1, ಅಂದ್ರ ಹಂದಿ ಜ್ವರದ ಹೊತ್ತಿನ್ಯಾಗ. ಅಮೆರಿಕಾದ ಮಿಷಿಗನ್ ಒಳಗ ಐಸಿಯು ಸೇರಿದ 10 ಮಂದಿ ಲೆಕ್ಕಾ ಬರದ್ರಲ್ಲ, ಅದರಾಗ 9 ಮಂದಿ ಬೊಜ್ಜಿದ್ದವರು. ಆಮ್ಯಾಲೆ ಕೊರೊನಾ ಬಂದಾಗ 2020ರಾಗ ನ್ಯೂಯಾರ್ಕಿನ ಒಂದು ಲೆಕ್ಕದಾಗ, 60ರ ಒಳಗಿನ ಪೇಷಂಟುಗಳೊಳಗ ಬಿಎಂಐ (ಎತ್ತರಕ್ಕ ತೂಕ ಎಷ್ಟೈತಿ ಅನ್ನೂ ಲೆಕ್ಕ) 35 ಮತ್ತ ಅದಕ್ಕೂ ಮ್ಯಾಲೆ ಇದ್ದವರಿಗೆ ಐಸಿಯು ಬೇಕಾಗೂ ಸಾಧ್ಯತೆ 30ಕ್ಕಿಂತ ಕಮ್ಮಿ ಇದ್ದವರಿಗಿಂತ 3.6 ಪಟ್ಟು ಇತ್ತು. ನಿಮ್ಮದು ಲೆಕ್ಕಾ ಹಾಕೀನಿ, ಸುಮಾರು 36 ಬರ್ತೈತಿ. ನಮ್ಮ ಭಾರತೀಯರಿಗೆ 25ಕ್ಕೇ ಬೊಜ್ಜು ಅಂತ ಲೆಕ್ಕ, ಗಂಡಸರ ಹೊಟ್ಟಿ ಸುತ್ತಳತಿ 90 ಸೆಂಟಿಮೀಟರ್ ದಾಟಬಾರದು ಅಂತಾರ. ವಯಸ್ಸು ಸಣ್ಣದೈತಿ ಅನ್ನೂ ಧೈರ್ಯ ಇಲ್ಲಿ ಪೂರ್ತಿ ಉಪಯೋಗಕ್ಕ ಬರಂಗಿಲ್ಲ.

ಹಂಗಾಗಿ ನಿಮ್ಮ ಪ್ರಶ್ನಿನ ನನಗ ಒಪ್ಪಿಗಿ ಇಲ್ಲ. ತೂಕ ಇಳಿಸೂದಾ, ವ್ಯಾಕ್ಸೀನಾ ಅಂತ ಕೇಳೀರಿ, ಈ ವರ್ಷದ ಫ್ಲೂಗೆ ತೂಕ ಇಳಿಸೂದು ಉತ್ತರ ಅಲ್ಲವೇ ಅಲ್ಲ. ವೈರಸ್ ನಿಮ್ಮ ಡಯಟ್ ಮುಗಿಯೂ ತನಕ ಕಾಯಂಗಿಲ್ಲ, ಬರೂದು ಈಗಿರೂ 108 ಕೆಜಿ ಮೈಗೆ. ಎರಡು ತಿಂಗಳದಾಗ 15 ಕೆಜಿ ಅಂತ ರೊಟ್ಟಿ ಬಿಟ್ಟು, ಬ್ಯಾಳಿ ಬಿಟ್ಟು, ಬರೇ ಸೌತಿಕಾಯಿ ತಿಂದು ಸೊರಗಿ ಕುಂತಾಗ ಜ್ವರ ಬಂದ್ರ ಇನ್ನೂ ತ್ರಾಸು. ತೂಕ ಇಳಿಸ್ರಿ, ಖಂಡಿತ ಇಳಿಸ್ರಿ, ಆದ್ರ ಅದು ಒಂದೆರಡು ವರ್ಷದ ಕೆಲಸ ಅಂತ ತಿಳ್ಕೊಂಡು ಸಾವಕಾಶ. ನಾ ಹಂಗೇ ಇಳಿಸೀನಿ, ಈಗ 94, ಇನ್ನೂ ಬೊಜ್ಜಿನ ಲೆಕ್ಕದಾಗನ ಅದೀನಿ.

ವ್ಯಾಕ್ಸೀನ್ ಈ ವಾರನ ಹಾಕಿಸ್ಕೊಳ್ರಿ, ವರ್ಷಾ ಹಾಕಿಸ್ಕೊಳ್ರಿ. ಆದ್ರ "ಸಾಕಾ" ಅಂದ್ರ ಸಾಕಾಗಂಗಿಲ್ಲ. ಅಮೆರಿಕಾದ ನಾರ್ತ್ ಕ್ಯಾರೊಲಿನಾದಾಗ ನೋಡ್ಯಾರ, ಫ್ಲೂ ವ್ಯಾಕ್ಸೀನ್ ತಗೊಂಡವರೊಳಗ ಬೊಜ್ಜಿದ್ದವರಿಗೆ ಸಾಧಾರಣ ತೂಕದವರಿಗಿಂತ ಸುಮಾರು ಎರಡು ಪಟ್ಟು ಫ್ಲೂ ಇಲ್ಲಾ ಫ್ಲೂ ಅಂಥ ಜಡ್ಡು ಬಂದಿತ್ತು. ಇದನ್ನ ಓದಿ ಹಂಗಾದ್ರ ಯಾಕ ಹಾಕಿಸ್ಕೋಬೇಕು ಅನ್ನೂ ಮಂದಿ ಮ್ಯಾಲೆ ನನಗ ಸಿಟ್ಟು ಬರ್ತೈತಿ. ರಕ್ಷಣಾ ಕಮ್ಮಿ ಇದ್ದಾವ ಇದ್ದಷ್ಟನ್ನೂ ತಗೋಬೇಕು, ಜೋಡಿಗೆ ಉಳಿದ ತಯಾರಿನೂ ಮಾಡ್ಕೋಬೇಕು.

ತಯಾರಿ ಅಂದ್ರ ಹೇಳ್ತೀನಿ. ಜ್ವರ, ಮೈಕೈ ನೋವು, ಕೆಮ್ಮು ಕೂಡೇ ಬಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಅವತ್ತೇ ಹೋಗ್ರಿ. ಫ್ಲೂಗೆ ಒಸೆಲ್ಟಾಮಿವಿರ್ ಅಂತ ಗುಳಿಗಿ ಐತಿ, ಡಾಕ್ಟರ್ ಚೀಟಿ ಮ್ಯಾಲೆ ಸಿಗತೈತಿ, ಅದು ಲಕ್ಷಣ ಶುರು ಆದ 48 ತಾಸಿನೊಳಗ ಶುರು ಮಾಡಿದ್ರ ಚಲೋ ಕೆಲಸ ಮಾಡತೈತಿ. ಕುರ್ಚಿ ಮ್ಯಾಲೆ ಕುಂತ ಕೂಡ್ಲೆ ಮೊದಲ ತೂಕ ಹೇಳ್ರಿ, ಕೇಳೂ ತನಕ ಕಾಯಬ್ಯಾಡ್ರಿ. "ಸರ, ನಂದು 108 ಕೆಜಿ, ಬಿಎಂಐ 36" ಅಂತ. ಫೋನಿನ್ಯಾಗ ತೋರಿಸೂದಿದ್ರಂತೂ ಕಡ್ಡಾಯ, ಫೋನಿಗೆ ಹೊಟ್ಟಿ ಕಾಣಂಗಿಲ್ಲ. 2023ರ ಮಾರ್ಚ್ ಸುಮಾರಿಗೆ ಎಚ್3ಎನ್2 ಅನ್ನೂ ಫ್ಲೂ ಗದ್ದಲ ಎದ್ದಾಗ, ನಮ್ಮ ಹಾಸನ ಜಿಲ್ಲಾದಾಗ ಒಂದು ಸಾವೂ ಆಗಿತ್ತಲ್ಲ, ಅದೇ ಹೊತ್ತಿಗೆ ನನಗೂ ಜ್ವರ ಬಂತು, ನಾ ಇದೇ ರೀತಿ ಹೇಳಿದ್ನಿ, ಡಾಕ್ಟರ್ ಅವತ್ತೇ ಗುಳಿಗಿ ಶುರು ಮಾಡಿದ್ರು, ಮನ್ಯಾಗನ ಆರಾಮ ಆತು.

ಆಕ್ಸಿಮೀಟರ್ ಒಂದು ಮನ್ಯಾಗ ಇರಲಿ. ಕುಂತು ನೋಡ್ರಿ, ಆಮ್ಯಾಲೆ ಖೋಲಿಯೊಳಗ ಆರು ನಿಮಿಷ ನಡದು ನೋಡ್ರಿ. 94ಕ್ಕಿಂತ ಕೆಳಗ ಬಂದ್ರ, ಇಲ್ಲಾ ನಡದ ಮ್ಯಾಲೆ 3ಕ್ಕಿಂತ ಜಾಸ್ತಿ ಇಳಿದ್ರ ದವಾಖಾನಿಗೆ ಹೊಂಡ್ರಿ. ನಡಿಯಾಕ ಮೊದಲ ದಮ್ ಹತ್ತಿದ್ರ ಅದೂ ಬ್ಯಾಡ, ಸೀದಾ ಹೋಗ್ರಿ. ಆರಾಮ ಇದ್ದಾಗನ ಒಮ್ಮೆ ಅಳತಿ ಮಾಡಿ ಬರದಿಟ್ಟುಕೊಳ್ರಿ, ಮೂರು ಮಾಳಿಗಿ ಹತ್ತಿದ್ರ ನಿಮಗ ಎಷ್ಟು ದಮ್ ಹತ್ತತೈತಿ ಅನ್ನೂದು ಸೈತ, ಇಲ್ಲಾಂದ್ರ ಜ್ವರದಾಗ ರೂಢಿ ಯಾವುದು ಹೊಸಾದು ಯಾವುದು ಅಂತ ತಿಳಿಯಂಗಿಲ್ಲ. ಅಂಗಾತ ಮಲಗಬ್ಯಾಡ್ರಿ, ಮಗ್ಗಲಾ ಮಲಗ್ರಿ, ಇಲ್ಲಾ ತಲಿ ಕಡೆ ಎತ್ತರ ಮಾಡ್ಕೊಳ್ರಿ. ಮತ್ತ ಯಾರೋ ಹೇಳಿದ್ರು ಅಂತ ಮನ್ಯಾಗ ಮೊದಲ ದಿನದಿಂದ ಸ್ಟೆರಾಯ್ಡ್ ನುಂಗಬ್ಯಾಡ್ರಿ. ಕೊರೊನಾದಾಗ ಸೈತ ಅದು ಉಪಯೋಗ ಆದದ್ದು ಆಕ್ಸಿಜನ್ ಬೇಕಾದವರಿಗೆ ಮಾತ್ರ.

ಮನ್ಯಾಗ ವಯಸ್ಸಾದವರು ಅದಾರ ಅಂತ ಬರದೀರಿ. ನಮ್ಮಂಗ ಬೊಜ್ಜಿದ್ದ ವಯಸ್ಕರು ಫ್ಲೂ ವೈರಸ್ಸನ್ನ ಜಾಸ್ತಿ ದಿನ ಹೊರಗ ಬಿಡ್ತಾರ, ನಿಕರಾಗುವಾ ದೇಶದ ಮನಿಗಳೊಳಗ ಮಾಡಿದ ಅಧ್ಯಯನದಾಗ ಲಕ್ಷಣ ಇದ್ದವರು ಎ ನಮೂನಿ ಫ್ಲೂ ವೈರಸ್ಸನ್ನ 42% ಜಾಸ್ತಿ ಹೊತ್ತು ಬಿಟ್ಟಿದ್ರು. ಅದಕ್ಕ ಜ್ವರ ಬಿಟ್ಟ ಮ್ಯಾಲೂ ಮನಿ ಹಿರಿಯರ ಮುಂದ ಇನ್ನಷ್ಟು ದಿನ ಮಾಸ್ಕ್ ಹಾಕ್ಕೊಳ್ರಿ.

ಕೊನೀಕೆ ಗೊರಕಿ ವಿಷಯ, ನೀವು ಒಂದೇ ಸಾಲಿನಾಗ ಬರದು ಬಿಟ್ಟೀರಿ. ಗೊರಕಿ ಹೊಡದು ನಡುವ ಉಸಿರು ನಿಂತಂಗಾಗಿ ಎಚ್ಚರ ಆಗತೈತೇನು, ಹಗಲೊತ್ತು ಜೂಗರಿಕಿ ಬರ್ತೈತೇನು ಅಂತ ಮನಿಯವರನ್ನ ಕೇಳ್ರಿ. ಹೌದಂದ್ರ ಅದು ಸ್ಲೀಪ್ ಅಪ್ನಿಯಾ ಇರಬಹುದು, ರಾತ್ರಿ ಹೊತ್ತು ಆಕ್ಸಿಜನ್ ಇಳಿಯೂ ಜಡ್ಡು. ಹುಬ್ಬಳ್ಳಿ ಕಿಮ್ಸ್ ದವಾಖಾನಿಯಾಗೋ ಧಾರವಾಡದಾಗೋ ಒಬ್ಬ ಪುಪ್ಪುಸದ ಡಾಕ್ಟರ್‌ಗೆ ತೋರಿಸಿ ನಿದ್ದಿ ತಪಾಸಣಿ ಎಲ್ಲಿ ಮಾಡ್ತಾರ ಅಂತ ಕೇಳ್ರಿ. ಅದನ್ನ ಫ್ಲೂ ಬರೂದಕ್ಕಿಂತ ಮೊದಲ ಮುಗಿಸಬಹುದು, 15 ಕೆಜಿ ಆಗಂಗಿಲ್ಲ.